ಮೇಲ್ಕೋಟೆ ಪಾರ್ಕಿನ ಡಾಕ್ಟರು

ಗೆಳತಿಯರೇ, ಸುಲ್ತಾನ್ ಬಜಾರಿಗೆ ಒಂದು ಸಲ ಹೋಗಿ ಬರದೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಯುಗಾದಿ ಆಗುತ್ತದೆ ಹೇಳಿ? ಮಗಳ ಲಂಗಕ್ಕೆ ಬಟ್ಟೆ, ಬಳೆ, ಸೀರೆಗೆ ಫಾಲ್, ಜೊತೆಗೆ ಬೇಡದ ನಾಲ್ಕು ಸಾಮಾನು. ನಾನೂ ಹಾಗೇ. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಚಿಕ್ಕಡಪಲ್ಲಿಯಲ್ಲಿ ಮೆಟ್ರೊ ಹತ್ತಿದರೆ ನಾರಾಯಣಗುಡ, ಆಮೇಲೆ ಸುಲ್ತಾನ್ ಬಜಾರ್. ಎರಡೇ ನಿಲ್ದಾಣ.

ಹೋದ ಯುಗಾದಿಗೆ ಹೀಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಮಗಳ ಶಾಲೆಯ ಪ್ರವೇಶದ ಫಾರಂ ಇತ್ತು. ಹೆಸರು, ಹುಟ್ಟಿದ ದಿನಾಂಕ, ರಕ್ತದ ಗುಂಪು ಎಲ್ಲ ತುಂಬಿದ್ದೆ. ಎರಡು ಕಡೆ ಮಾತ್ರ ಖಾಲಿ ಬಿಟ್ಟಿದ್ದೆ: ಮಾತೃಭಾಷೆ ಮತ್ತು ಸ್ವಂತ ಊರು. ಮಾತೃಭಾಷೆ ಬರೆಯುವುದು ಕಷ್ಟವಿರಲಿಲ್ಲ. ಸ್ವಂತ ಊರು ಯಾವುದು ಅಂತ ಬರೆಯಲಿ? ನಾನು ಮಂಡ್ಯ ಜಿಲ್ಲೆಯವಳು. ನನ್ನ ಯಜಮಾನರ ತಾತ ರಾಯಚೂರಿನವರು, ಯಜಮಾನರು ಮಾತ್ರ ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವರು. ಮಗಳು ಹುಟ್ಟಿದ್ದೂ ಇಲ್ಲೇ. ಮಂಡ್ಯಕ್ಕೆ ವರ್ಷಕ್ಕೊಮ್ಮೆ ಹೋಗುತ್ತಾಳೆ, ರಾಯಚೂರನ್ನು ರೈಲಿನ ಕಿಟಕಿಯಿಂದ ನೋಡಿದ್ದಾಳೆ, ಅಷ್ಟೆ.

ಆ ದಿನ ಯಾಕೋ ನಾರಾಯಣಗುಡದಲ್ಲೇ ಇಳಿದು ನಡೆದೆ. ಅಲ್ಲಿ ಮೇಲ್ಕೋಟೆ ಪಾರ್ಕ್ ಇದೆ. ಈ ಊರಿಗೆ ಬಂದ ಹೊಸದರಲ್ಲಿ ಆ ಹೆಸರು ಕೇಳಿ ನನಗೆ ತವರಿನವರು ಸಿಕ್ಕಷ್ಟು ಖುಷಿಯಾಗಿತ್ತು. ನಮ್ಮ ಕಡೆಯವರಿಗೆ ಮೇಲುಕೋಟೆ ಎಂದರೆ ಚೆಲುವನಾರಾಯಣ, ವೈರಮುಡಿ, ಪುಳಿಯೋಗರೆ. ಯಾರೋ ಭಕ್ತರು ಇಟ್ಟ ಹೆಸರಿರಬೇಕು ಅಂದುಕೊಂಡಿದ್ದೆ. ಅದು ಒಬ್ಬ ಡಾಕ್ಟರ ಹೆಸರು, ಅವರು ಇದೇ ನಗರದಿಂದ ಶಾಸಕರಾಗಿ ಒಂದು ರಾಜ್ಯದ ಹಣಕಾಸು ನೋಡಿಕೊಂಡವರು ಎಂದು ಹೇಳಿದ್ದು ನಮ್ಮ ಮಾವನವರು. ಆ ಡಾಕ್ಟರ ಜೀವನವನ್ನೇ ಈ ಸಲ ನಿಮ್ಮ ಮುಂದಿಡುತ್ತಿದ್ದೇನೆ.

ಡಾ. ಗೋಪಾಲಯ್ಯ ಸುಬ್ಬುಕೃಷ್ಣ ಮೇಲ್ಕೋಟೆ ಹುಟ್ಟಿದ್ದು 1901ರಲ್ಲಿ, ಇಂದಿನ ಒಡಿಶಾದ ಬರ್ಹಾಂಪುರದಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹೆಸರಿನಲ್ಲಿ ಕನ್ನಡದ ಊರು, ಹುಟ್ಟಿದ್ದು ಒಡಿಯಾ ಮತ್ತು ತೆಲುಗು ಕಲೆತ ಊರಿನಲ್ಲಿ, ಬದುಕಿದ್ದು ನಿಜಾಮರ ರಾಜಧಾನಿಯಲ್ಲಿ. ಇಂದಿನ ಫಾರಂ ಅವರ ಕೈಗೆ ಕೊಟ್ಟಿದ್ದರೆ ಅವರೂ ಒಂದು ಗಳಿಗೆ ಪೆನ್ನು ಹಿಡಿದು ಕೂರಬೇಕಾಗುತ್ತಿತ್ತು. ವೈದ್ಯರಾದ ಅವರು ವೃತ್ತಿಗೆ ನಿಂತದ್ದು ಹೈದರಾಬಾದಿನಲ್ಲಿ. ಆಮೇಲೆ ಅವರನ್ನು ಎಳೆದುಕೊಂಡದ್ದು ರಾಜಕೀಯ.

ಆ ಕಾಲದ ರಾಜಕೀಯ ತಿಳಿಯಬೇಕಾದರೆ ನಾವು ಬಳೆ ಕೊಳ್ಳುವ ಇದೇ ಸುಲ್ತಾನ್ ಬಜಾರಿಗೆ ಬರಬೇಕು. ಇದರ ಹಳೆಯ ಹೆಸರು ರೆಸಿಡೆನ್ಸಿ ಬಜಾರ್. ಪಕ್ಕದ ಕೋಠಿಯಲ್ಲಿ, ನಮ್ಮಲ್ಲಿ ಎಷ್ಟೋ ಜನ ಓದಿದ ಮಹಿಳಾ ಕಾಲೇಜಿನ ಆ ದೊಡ್ಡ ಕಂಬಗಳ ಕಟ್ಟಡವಿದೆಯಲ್ಲ, ಅದು ಬ್ರಿಟಿಷ್ ರೆಸಿಡೆಂಟರ ಬಂಗಲೆಯಾಗಿತ್ತು. ಸುತ್ತಲಿನ ಬಜಾರಿನಲ್ಲಿ ನಡೆಯುತ್ತಿದ್ದದ್ದು ನಿಜಾಮರ ಕಾನೂನಲ್ಲ, ಬ್ರಿಟಿಷರದು. ಸಂಸ್ಥಾನದ ಉಳಿದ ಕಡೆ ಸಭೆ ಸೇರಬೇಕಾದರೆ ಗಶ್ತಿ 53 ಎಂಬ ಸುತ್ತೋಲೆಯ ಪ್ರಕಾರ ಮೊದಲೇ ಅನುಮತಿ ಪಡೆಯಬೇಕಿತ್ತು. ಆದ್ದರಿಂದ ಓದು ಬರಹ ಬಲ್ಲವರು, ಸಮಾಜ ಸುಧಾರಣೆಯ ಮಾತಾಡುವವರು ಈ ಬಜಾರಿನ ನೆರಳಿಗೆ ಬಂದರು. ಆರ್ಯ ಸಮಾಜ ಇಲ್ಲಿತ್ತು. ಡಾ. ಮೇಲ್ಕೋಟೆ ಹುಟ್ಟಿದ ವರ್ಷವೇ, 1901ರಲ್ಲಿ, ತೆಲುಗರ ಶ್ರೀಕೃಷ್ಣದೇವರಾಯಾಂಧ್ರ ಭಾಷಾ ನಿಲಯ ಇಲ್ಲಿ ಆರಂಭವಾಯಿತು. ಮರಾಠಿಗರ ವಿವೇಕವರ್ಧಿನಿ ಶಾಲೆ ಇಲ್ಲಿ ಬೆಳೆಯಿತು. 1933ರಲ್ಲಿ ಬಜಾರು ಮತ್ತೆ ನಿಜಾಮರ ಕೈಗೆ ಬಂದು ಸುಲ್ತಾನ್ ಬಜಾರ್ ಆಯಿತು. ಅಷ್ಟರಲ್ಲಿ ಇಲ್ಲಿಯ ಜನಕ್ಕೆ ಸಭೆ ಸೇರುವ ಅಭ್ಯಾಸ ಬೇರೂರಿಬಿಟ್ಟಿತ್ತು.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟಾಗ, ಅದು ಹುಟ್ಟುವ ಮೊದಲೇ ನಿಜಾಮರ ಸರ್ಕಾರ ನಿಷೇಧ ಹಾಕಿತು. ಆ ಅಕ್ಟೋಬರ್ 24ರಂದು ಸತ್ಯಾಗ್ರಹ ಶುರುವಾಯಿತು. ಒಂದರ ಹಿಂದೊಂದು ತಂಡ ಬಂದು ಬಂಧನಕ್ಕೆ ಒಳಗಾಯಿತು. ನಿಷೇಧ ತೆಗೆದದ್ದು 1946ರಲ್ಲಿ. ಈ ನಡುವಿನ ವರ್ಷಗಳಲ್ಲಿ ಹೋರಾಟವನ್ನು ಜೀವಂತವಾಗಿಟ್ಟವರು ಸ್ವಾಮಿ ರಮಾನಂದ ತೀರ್ಥರು. ನಮ್ಮ ಸಿಂದಗಿಯಲ್ಲಿ ಹುಟ್ಟಿ, ಸಂನ್ಯಾಸ ತೆಗೆದುಕೊಂಡು, ಇಡೀ ಸಂಸ್ಥಾನಕ್ಕೆ ನಾಯಕರಾದವರು. ಕಾಂಗ್ರೆಸ್ಸಿನೊಳಗೆ ಎರಡು ಗುಂಪುಗಳಿದ್ದವು. ಸರ್ಕಾರದ ಜೊತೆ ಮಾತುಕತೆಯಿಂದ ಒಂದೊಂದೇ ಹೆಜ್ಜೆ ಮುಂದಿಡೋಣ ಎನ್ನುವವರು ಒಂದು ಕಡೆ, ಹೋರಾಟವೇ ದಾರಿ ಎನ್ನುವ ಸ್ವಾಮೀಜಿಯವರ ಕಡೆಯವರು ಇನ್ನೊಂದು ಕಡೆ. ಡಾ. ಮೇಲ್ಕೋಟೆ ಸ್ವಾಮೀಜಿಯವರ ಜೊತೆಗಿದ್ದ ಮುಂದಾಳುಗಳಲ್ಲಿ ಒಬ್ಬರು. ಅವರ ಪತ್ನಿ ವಿಮಲಾಬಾಯಿ ಮೇಲ್ಕೋಟೆಯವರೂ ಸ್ವಾತಂತ್ರ್ಯ ಹೋರಾಟಗಾರ್ತಿ. ಹೈದರಾಬಾದಿನ ಹೋರಾಟದ ಮಹಿಳೆಯರ ಹೆಸರು ಹೇಳುವಾಗ ಪದ್ಮಜಾ ನಾಯ್ಡು, ಜ್ಞಾನಕುಮಾರಿ ಹೇಡಾ ಅವರ ಜೊತೆಗೆ ವಿಮಲಾಬಾಯಿಯವರ ಹೆಸರೂ ಬರುತ್ತದೆ. ಪಾರ್ಕಿಗೆ ಇಟ್ಟ ಮನೆತನದ ಹೆಸರಿನಲ್ಲಿ ಅವರ ಪಾಲೂ ಇದೆ ಎಂದು ನಾನು ಭಾವಿಸುತ್ತೇನೆ.

1947ರ ಆಗಸ್ಟ್ 15ರಂದು ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ಹೈದರಾಬಾದಿಗೆ ಬರಲಿಲ್ಲ. ಇನ್ನೂ ಹದಿಮೂರು ತಿಂಗಳು ರಜಾಕಾರರ ಹಾವಳಿ, ಊರು ಬಿಟ್ಟು ಗಡಿ ದಾಟಿದ ಕುಟುಂಬಗಳು, ಶಿಬಿರಗಳು. ನಮ್ಮ ಬೀದರ್, ಕಲಬುರಗಿ, ರಾಯಚೂರು ಕಡೆಯ ಅಜ್ಜಿಯರ ಬಾಯಲ್ಲಿ ಈ ಕಥೆಗಳನ್ನು ನೀವು ಕೇಳಿಯೇ ಇರುತ್ತೀರಿ. 1948ರ ಸೆಪ್ಟೆಂಬರ್ 17ಕ್ಕೆ ಅದು ಮುಗಿಯಿತು.

ಇನ್ನು ಶಾಸಕರ ಜೀವನಕ್ಕೆ ಬರೋಣ. 1952ರಲ್ಲಿ ಹೈದರಾಬಾದ್ ರಾಜ್ಯಕ್ಕೆ ಮೊದಲ ಚುನಾವಣೆ. 175 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ 93 ಗೆದ್ದಿತು. ಡಾ. ಮೇಲ್ಕೋಟೆ ಮುಷೀರಾಬಾದಿನಿಂದ ಆರಿಸಿ ಬಂದರು. ಮುಷೀರಾಬಾದ್ ಆಗ ಮಿಲ್ಲು, ಕಾರ್ಖಾನೆಗಳ ಸುತ್ತ ಕಾರ್ಮಿಕರ ಮನೆಗಳಿದ್ದ ಪ್ರದೇಶ. ಈಗ ಗಾಂಧಿ ಆಸ್ಪತ್ರೆ ಇರುವ ಜಾಗದಲ್ಲಿ ಆಗ ಜೈಲು ಇತ್ತು. ಕಾರ್ಮಿಕ ಸಂಘಟನೆಯಲ್ಲಿ ಡಾಕ್ಟರರು ಕೊನೆಯವರೆಗೂ ಆಸಕ್ತಿ ಇಟ್ಟುಕೊಂಡಿದ್ದರು.

ಪಬ್ಲಿಕ್ ಗಾರ್ಡನ್ನಿನ ಆ ಬಿಳಿ ಕಟ್ಟಡದಲ್ಲಿ ಸೇರಿದ ಮೊದಲ ಸಭೆಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ತೆಲುಗು ಜಿಲ್ಲೆಗಳವರು, ಐದು ಮರಾಠಿ ಜಿಲ್ಲೆಗಳವರು, ಬೀದರ್, ಗುಲ್ಬರ್ಗ, ರಾಯಚೂರಿನ ಕನ್ನಡದವರು, ನಗರದ ಉರ್ದು ಮಾತಿನವರು ಎಲ್ಲರೂ ಒಂದೇ ಸೂರಿನಡಿ. ಮಹಿಳೆಯರೂ ಇದ್ದರು. ಶಾಲಿಬಂಡಾದಿಂದ ಮಾಸೂಮಾ ಬೇಗಂ, ಬಾನ್ಸವಾಡದಿಂದ ಸಂಗಂ ಲಕ್ಷ್ಮೀಬಾಯಿ, ಆಲೇರಿನಿಂದ ತೆಲಂಗಾಣ ಸಶಸ್ತ್ರ ಹೋರಾಟದ ಆರುಟ್ಲ ಕಮಲಾದೇವಿ. ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು. ಹೋರಾಟದ ದಿನಗಳಲ್ಲಿ ಅವರು ಆ ಇನ್ನೊಂದು ಗುಂಪಿನವರು. ಆದರೂ ಅವರ ಸಂಪುಟದಲ್ಲಿ ಹಣಕಾಸಿನ ಖಾತೆ ಬಂದದ್ದು ಡಾ. ಮೇಲ್ಕೋಟೆಯವರಿಗೆ. ಕನ್ನಡದ ಜಿಲ್ಲೆಗಳಿಂದ ಜಗನ್ನಾಥರಾವ್ ಚಂಡರಕಿ, ಅಣ್ಣಾರಾವ್ ಗಣಮುಖಿ ಅವರೂ ಮಂತ್ರಿಗಳಾಗಿದ್ದರು. ಕೃಷಿ ಖಾತೆ ಎಂ. ಚೆನ್ನಾರೆಡ್ಡಿ ಎಂಬ ಯುವಕನಿಗೆ ಸಿಕ್ಕಿತು. ಅವರೂ ಓದಿದ್ದು ವೈದ್ಯಕೀಯವೇ. ಈ ಹೆಸರು ನೆನಪಿಡಿ, ಮುಂದೆ ಬರುತ್ತದೆ.

ಹಣಕಾಸು ಎಂದರೆ ಇಂದಿನ ಹಾಗೆ ಬರೀ ಬಜೆಟ್ ಮಂಡಿಸುವುದಲ್ಲ. ಹೈದರಾಬಾದಿಗೆ ತನ್ನದೇ ರೂಪಾಯಿ ಇತ್ತು. ಚಾರ್‌ಮಿನಾರ್ ಅಚ್ಚು ಹಾಕಿದ ಹಾಲಿ ಸಿಕ್ಕಾ. ಹೊರಗಿನ ರೂಪಾಯಿಗೆ ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿಗೆ ಆರು ಕಲ್ದಾರ್. ಸಂಬಳ, ಬಾಡಿಗೆ, ಸಾಲ, ಕಂದಾಯ, ಮಗಳ ಮದುವೆಗೆ ಕೂಡಿಟ್ಟದ್ದು ಎಲ್ಲವೂ ಹಾಲಿಯಲ್ಲಿ. ಸಂಸ್ಥಾನದ ಗಡಿಯಲ್ಲಿ ಕರೋಡಗಿರಿ ನಾಕೆಗಳು. ಸೊಲ್ಲಾಪುರದಿಂದ ಸೀರೆ ತಂದರೂ ಅಲ್ಲಿ ಸುಂಕ. ಈ ಇಡೀ ವ್ಯವಸ್ಥೆಯನ್ನು ಭಾರತದ ಲೆಕ್ಕಕ್ಕೆ ತರುವ ಕೆಲಸ 1950ರಲ್ಲಿ ಆರಂಭವಾಗಿ, ಆ ದಶಕದ ಮೊದಲ ವರ್ಷಗಳಲ್ಲಿ ನಡೆಯುತ್ತಿತ್ತು. ಹೊಸ ರೂಪಾಯಿ ಬಂದ ಮೇಲೂ ಹಾಲಿ ಒಮ್ಮೆಲೇ ರದ್ದಾಗಲಿಲ್ಲ, 1959ರವರೆಗೆ ಸಮಯ ಸಿಕ್ಕಿತು.

ನಾನು ಕೆಲಸ ಮಾಡುವುದು ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಖಾತೆಗಳನ್ನು ಸಾಗಿಸುವುದು ನಮ್ಮ ತಂಡದ ಕೆಲಸ. ಒಂದು ಪೈಸೆ ವ್ಯತ್ಯಾಸ ಬಂದರೂ ರಾತ್ರಿಯೆಲ್ಲ ನಿದ್ದೆ ಇಲ್ಲ. ಅಂಥದ್ದರಲ್ಲಿ ಇಡೀ ರಾಜ್ಯದ ಲೆಕ್ಕವನ್ನು, ಏಳಕ್ಕೆ ಆರರ ದರದಲ್ಲಿ, ಕಂಪ್ಯೂಟರ್ ಇಲ್ಲದೆ, ಆಣೆ ಪೈಗಳಲ್ಲಿ ಬದಲಾಯಿಸುವುದನ್ನು ನೆನೆದರೆ ಆ ಕಾಲದ ಗುಮಾಸ್ತರಿಗೂ ಅವರ ಮೇಲಿನವರಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ. ಕಾಗದದ ಮೇಲೆ ಲೆಕ್ಕ ಸರಿ ಹೋದರೆ ಸಾಲದು. ಮುಷೀರಾಬಾದಿನ ಕೂಲಿಯವನಿಗೆ, ಸುಲ್ತಾನ್ ಬಜಾರಿನ ಅಂಗಡಿಯವನಿಗೆ ತನ್ನ ದುಡ್ಡು ಕರಗಲಿಲ್ಲ ಎಂಬ ನಂಬಿಕೆಯೂ ಬರಬೇಕು.

ನಂಬಿಕೆಯ ಇನ್ನೊಂದು ಪ್ರಶ್ನೆ ಅದೇ ವರ್ಷ ಬೀದಿಗೆ ಬಂತು. ಮುಲ್ಕಿ ಎಂದರೆ ಈ ನಾಡಿನವನು. 1919ರ ನಿಜಾಮರ ಫರ್ಮಾನಿನ ಪ್ರಕಾರ ಹೊರಗಿನಿಂದ ಬಂದವನು ಹದಿನೈದು ವರ್ಷ ಇಲ್ಲೇ ನೆಲೆಸಿ, ಹಿಂತಿರುಗಿ ಹೋಗುವ ಯೋಚನೆ ಬಿಟ್ಟಿದ್ದೇನೆ ಎಂದು ಪ್ರಮಾಣಪತ್ರ ಕೊಟ್ಟರೆ ಮುಲ್ಕಿ. ಸರ್ಕಾರಿ ನೌಕರಿ ಮುಲ್ಕಿಗಳಿಗೆ. ಆದರೆ 1948ರ ನಂತರ ಹೊರಗಿನವರು ದೊಡ್ಡ ಸಂಖ್ಯೆಯಲ್ಲಿ ಬಂದು ನೌಕರಿ ಹಿಡಿದರು. ಅವರಲ್ಲಿ ಕೆಲವರ ಮುಲ್ಕಿ ಸರ್ಟಿಫಿಕೇಟು ಸುಳ್ಳು ಎಂಬ ದೂರಿತ್ತು. ವರಂಗಲ್ಲಿನಲ್ಲಿ ಶುರುವಾದ ವಿದ್ಯಾರ್ಥಿಗಳ ಚಳವಳಿ ಹೈದರಾಬಾದಿಗೆ ಬಂತು. 1952ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಸಿಟಿ ಕಾಲೇಜಿನ ಬಳಿ ಪೊಲೀಸರು ಗುಂಡು ಹಾರಿಸಿದರು. ಹುಡುಗರು ಸತ್ತರು. ಸರ್ಕಾರ ನ್ಯಾಯಮೂರ್ತಿ ಪಿಂಗಳಿ ಜಗನ್ಮೋಹನ ರೆಡ್ಡಿಯವರಿಂದ ವಿಚಾರಣೆ ಮಾಡಿಸಿತು. ಅಧಿಕಾರಕ್ಕೆ ಬಂದು ಆರು ತಿಂಗಳೂ ತುಂಬಿರದ ಸರ್ಕಾರ ಅದು, ಡಾ. ಮೇಲ್ಕೋಟೆ ಅದರ ಮಂತ್ರಿ. ಜೀವನಚರಿತ್ರೆ ಬರೆಯುವಾಗ ಇಂಥ ಪುಟವನ್ನು ಹಾರಿಸಿ ಹೋಗಬಾರದು. ಬರ್ಹಾಂಪುರದಲ್ಲಿ ಹುಟ್ಟಿ ಇಲ್ಲಿ ಬದುಕು ಕಟ್ಟಿಕೊಂಡ ಒಬ್ಬ ಮಂತ್ರಿ, ಹೊರಗಿನವರು ಹೋಗಲಿ ಎಂದು ಕೂಗುವ ಹುಡುಗರು. ಹುಡುಗರ ಕೋಪ ಸುಳ್ಳಾಗಿರಲಿಲ್ಲ. ಓದಿ ಕೂತ ಮಗನಿಗೆ ಕೆಲಸ ಸಿಗದ ಮನೆಯ ನೋವು ಯಾವ ಭಾಷೆಯಲ್ಲಾದರೂ ಒಂದೇ.

ಆಮೇಲೆ ರಾಜ್ಯವೇ ಉಳಿಯಲಿಲ್ಲ. ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ 1955ರಲ್ಲಿ ಬಂತು, 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಮರಾಠಿ ಜಿಲ್ಲೆಗಳು ಮುಂಬೈಗೆ, ಕನ್ನಡದವು ಮೈಸೂರಿಗೆ, ತೆಲುಗಿನವು ಆಂಧ್ರಪ್ರದೇಶಕ್ಕೆ. ನಮಗೆ ಆ ದಿನ ಹಬ್ಬ, ಪ್ರತಿವರ್ಷ ಧ್ವಜ ಹಾರಿಸಿ ಸಿಹಿ ಹಂಚುತ್ತೇವೆ. ಆದರೆ ಗೆರೆ ಎಳೆದಾಗ ಗೆರೆಯ ಮೇಲೆ ನಿಂತವರೂ ಇರುತ್ತಾರೆ. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ, ಗುಲ್ಬರ್ಗದ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಈ ಕಡೆಗೆ ಬಂದವು. ಬೀದರ್ ಜಿಲ್ಲೆ ಹಂಚಿಹೋಯಿತು. ಇತ್ತ ಹೈದರಾಬಾದಿನಲ್ಲಿ ಕೆಲಸ, ವ್ಯಾಪಾರ, ವಕೀಲಿ ಮಾಡಿಕೊಂಡಿದ್ದ ಕನ್ನಡದ ಮನೆಗಳು ಮನೆ ಬದಲಿಸದೆಯೇ ಬೇರೆ ರಾಜ್ಯದಲ್ಲಿ ಎಚ್ಚರಗೊಂಡವು. ನಮ್ಮ ಸಂಘಗಳು, ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವೆಲ್ಲ ಇಷ್ಟು ವರ್ಷ ಬಾಳಿದ್ದು ಆ ಮನೆಗಳವರು ಇಲ್ಲೇ ಉಳಿದದ್ದರಿಂದ.

ಇಂಥ ಹೊತ್ತಿನಲ್ಲಿ, 1957ರಲ್ಲಿ, ಡಾ. ಮೇಲ್ಕೋಟೆ ಲೋಕಸಭೆಗೆ ಹೋದರು. ಹೈದರಾಬಾದಿನಿಂದಲ್ಲ, ರಾಯಚೂರಿನಿಂದ. ಹೈದರಾಬಾದ್ ಕ್ಷೇತ್ರದಿಂದ ಗೆದ್ದವರು ಅವರ ಸಂಪುಟದ ಜೊತೆಗಾರ ವಿನಾಯಕರಾವ್ ಕೊರಟಕರ್. ಆಂಧ್ರಪ್ರದೇಶಕ್ಕೆ ಸೇರಿದ ನಗರದ ಮುಖಂಡನನ್ನು ಮೈಸೂರು ರಾಜ್ಯಕ್ಕೆ ಸೇರಿದ ಕ್ಷೇತ್ರದವರು ಆರಿಸಿ ಕಳಿಸಿದರು. ಇದು ಹೇಗೆ ಸಾಧ್ಯವಾಯಿತು ಎಂದು ಮಾವನವರನ್ನು ಕೇಳಿದೆ. ಆಗ ಅವರು ಏಳು ವರ್ಷದ ಹುಡುಗ. ತಂದೆಯ ಬೆರಳು ಹಿಡಿದು ಮತದಾನದ ಜಾಗಕ್ಕೆ ಹೋದದ್ದು ಅವರಿಗೆ ನೆನಪಿದೆ. ಅಂದು ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಕಾಂಗ್ರೆಸ್ಸಿನದು ಜೋಡೆತ್ತು. ರಾಯಚೂರಿನವರಿಗೆ ಹೈದರಾಬಾದ್ ಆಗ ಪರರಾಜ್ಯದ ಊರು ಅನ್ನಿಸಿರಲೇ ಇಲ್ಲವಂತೆ. ಕೋರ್ಟಿಗೆ, ದವಾಖಾನೆಗೆ, ಕಾಲೇಜಿಗೆ, ಮದುವೆ ಜವಳಿಗೆ ಎಲ್ಲದಕ್ಕೂ ಹೈದರಾಬಾದೇ. ಬೆಂಗಳೂರು ಆಮೇಲೆ ಬಂದದ್ದು. ನಕ್ಷೆ ಬದಲಾದಷ್ಟು ಬೇಗ ಜನರ ಓಡಾಟ ಬದಲಾಗುವುದಿಲ್ಲ. ಆ ಐದು ವರ್ಷ ಡಾ. ಮೇಲ್ಕೋಟೆ ದೆಹಲಿಯಲ್ಲಿ ಕೂತದ್ದು ಕನ್ನಡ ನಾಡಿನ ಪ್ರತಿನಿಧಿಯಾಗಿ.

1962ರಲ್ಲಿ ಮತ್ತು 1967ರಲ್ಲಿ ಹೈದರಾಬಾದಿನವರು ಅವರನ್ನು ಲೋಕಸಭೆಗೆ ಕಳಿಸಿದರು. ಅಷ್ಟರಲ್ಲಿ ಹಳೆಯ ಪ್ರಶ್ನೆ ಮತ್ತೆ ಎದ್ದಿತ್ತು. ಆಂಧ್ರ ಮತ್ತು ತೆಲಂಗಾಣ ಒಂದಾಗುವಾಗ ಕೊಟ್ಟ ಭರವಸೆಗಳು ನಡೆಯಲಿಲ್ಲ, ನೌಕರಿಗಳು ಬೇರೆಯವರ ಪಾಲಾದವು ಎಂದು 1969ರಲ್ಲಿ ತೆಲಂಗಾಣ ಹೊತ್ತಿ ಉರಿಯಿತು. ಮತ್ತೆ ವಿದ್ಯಾರ್ಥಿಗಳು, ಮತ್ತೆ ಗೋಲಿಬಾರ್. ಚಳವಳಿಯ ಮುಂದಾಳತ್ವ ವಹಿಸಿದವರು ಚೆನ್ನಾರೆಡ್ಡಿ, ಅದೇ 1952ರ ಸಂಪುಟದ ಯುವಕ. 1971ರ ಚುನಾವಣೆಯಲ್ಲಿ ದೇಶದ ಬಹುಭಾಗ ಇಂದಿರಾ ಗಾಂಧಿಯವರ ಕಡೆ ಹೋದಾಗ ತೆಲಂಗಾಣದ ಹದಿನಾಲ್ಕರಲ್ಲಿ ಹತ್ತು ಸ್ಥಾನಗಳನ್ನು ತೆಲಂಗಾಣ ಪ್ರಜಾ ಸಮಿತಿ ಗೆದ್ದಿತು. ಹೈದರಾಬಾದಿನಿಂದ ಆ ಪಕ್ಷದ ಹೆಸರಿನಲ್ಲಿ ಗೆದ್ದವರು ಡಾ. ಮೇಲ್ಕೋಟೆ. ಆಗ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು.

ಇದನ್ನು ಓದಿದಾಗ ನಾನು ತುಂಬ ಹೊತ್ತು ಯೋಚಿಸಿದೆ. 1952ರಲ್ಲಿ ಮುಲ್ಕಿ ಹುಡುಗರನ್ನು ಎದುರಿಸಿದ ಸರ್ಕಾರದ ಮಂತ್ರಿ, 1971ರಲ್ಲಿ ಮುಲ್ಕಿಗಳ ಪರ ನಿಂತ ಪಕ್ಷದ ಸಂಸದ. ಗಾಳಿ ಬಂದಾಗ ತೂರಿಕೊಂಡರು ಎಂದು ಯಾರಾದರೂ ಹೇಳಬಹುದು. ಆ ಪಕ್ಷ ಅದೇ ವರ್ಷ ಕಾಂಗ್ರೆಸ್ಸಿನಲ್ಲಿ ಸೇರಿಹೋಯಿತು ಎಂಬುದೂ ನಿಜ. ನನಗೆ ಕಾಣುವುದು ಬೇರೆ. ಹುಟ್ಟಿನಿಂದ ಅವರು ಈ ನಾಡಿನವರಲ್ಲ. ಆದರೆ ಈ ನಾಡಿನ ಜೈಲು, ಖಜಾನೆ, ಕಾರ್ಮಿಕರ ಗಲ್ಲಿಗಳ ನಡುವೆ ಮೂವತ್ತು ನಲವತ್ತು ವರ್ಷ ಕಳೆದ ಮೇಲೆ, ಇಲ್ಲಿಯ ಜನ ತಮ್ಮ ದೂರನ್ನು ದೆಹಲಿಗೆ ಒಯ್ಯಲು ಅವರನ್ನೇ ಆರಿಸಿದರು. ಹೊರಗಿನವರ ವಿರುದ್ಧ ಎದ್ದ ಅಲೆಯಲ್ಲೂ ಮೇಲ್ಕೋಟೆ ಎಂಬ ಹೆಸರಿನವರು ಅವರಿಗೆ ಹೊರಗಿನವರಾಗಲಿಲ್ಲ.

ರಾಜಕೀಯದ ಜೊತೆಗೆ ಅವರೊಳಗಿನ ವೈದ್ಯ ಕೊನೆಯವರೆಗೂ ಉಳಿದಿದ್ದರು. ಯೋಗದಿಂದ ಕಾಯಿಲೆ ಗುಣಪಡಿಸುವ ಬಗ್ಗೆ ಅವರಿಗೆ ಬಹಳ ಆಸಕ್ತಿ, ಅದಕ್ಕಾಗಿ ಹೈದರಾಬಾದಿನಲ್ಲಿ ಪತಂಜಲಿ ಹೆಸರಿನ ಯೋಗ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಇಂದು ನಾವು ಆಫೀಸಿನ ಬೆನ್ನುನೋವಿಗೆ ಮೊಬೈಲಿನಲ್ಲಿ ನೋಡಿ ಮಾಡುವ ಆಸನಗಳನ್ನು ಅವರು ಎಷ್ಟೋ ಮೊದಲೇ ವೈದ್ಯರ ಕಣ್ಣಿನಿಂದ ನೋಡಿದ್ದರು. 1957ರಿಂದ 1977ರವರೆಗೆ ಸತತ ಇಪ್ಪತ್ತು ವರ್ಷ ಲೋಕಸಭೆಯಲ್ಲಿದ್ದು, 1982ರಲ್ಲಿ ತೀರಿಕೊಂಡರು.

ಇಂದಿಗೂ ಈ ಊರಿನಲ್ಲಿ ಲೋಕಲ್, ನಾನ್‌ಲೋಕಲ್ ಪ್ರಶ್ನೆ ಇದೆ. ನಮ್ಮ ಮಕ್ಕಳು ಇಂಜಿನಿಯರಿಂಗ್, ಮೆಡಿಕಲ್ ಪ್ರವೇಶಕ್ಕೆ ನಿಲ್ಲುವಾಗ ಎಷ್ಟು ವರ್ಷ ಇಲ್ಲಿ ಓದಿದ್ದಾರೆ ಎಂಬ ಲೆಕ್ಕ ಕೇಳುತ್ತಾರೆ. ಮುಲ್ಕಿ ಜಗಳ ಮುಗಿಸಲು 1973ರ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 371ಡಿ ವಿಧಿಯಿಂದ ಬಂದ ನಿಯಮಗಳ ಮುಂದುವರಿಕೆ ಅದು. ಈ ಲೆಕ್ಕ ಕೇಳಿದಾಗ ನಮ್ಮಲ್ಲಿ ಕೆಲವರಿಗೆ ಬೇಸರವಾಗುತ್ತದೆ, ನನಗೂ ಆಗುತ್ತಿತ್ತು. ಈಗ ಅದರ ಹಿಂದೆ ಸತ್ತ ಹುಡುಗರಿದ್ದಾರೆ ಎಂದು ಗೊತ್ತು. ಮನೆಯಲ್ಲಿ ಕನ್ನಡ ಉಳಿಸಿಕೊಳ್ಳುವುದು ನಮ್ಮ ಹಕ್ಕು. ಉಣ್ಣುವ ಊರಿನ ಕಷ್ಟಸುಖಕ್ಕೆ ಹೆಗಲು ಕೊಡುವುದು ನಮ್ಮ ಬಾಧ್ಯತೆ. ಎರಡಕ್ಕೂ ಜಗಳವಿಲ್ಲ ಎನ್ನುವುದಕ್ಕೆ ನನಗೆ ಆ ಡಾಕ್ಟರ ಬದುಕು ಸಾಕ್ಷಿ.

ಆ ಸಂಜೆ ಬಟ್ಟೆ, ಬಳೆ ಕೊಂಡು ಮನೆಗೆ ಬಂದು ಫಾರಂ ಮುಂದಿಟ್ಟುಕೊಂಡೆ. ಮಾತೃಭಾಷೆ: ಕನ್ನಡ. ಸ್ವಂತ ಊರು: ಹೈದರಾಬಾದ್. ಪಕ್ಕದಲ್ಲಿ ಕೂತಿದ್ದ ಮಗಳು ಎರಡನ್ನೂ ಓದಿ, ಸರಿ ಇದೆ ಎಂದು ತಲೆಯಾಡಿಸಿ ಹೊಸ ಬಳೆ ನೋಡಲು ಓಡಿದಳು.

ನೀವು ಮುಂದಿನ ಸಲ ಸುಲ್ತಾನ್ ಬಜಾರಿಗೆ ಹೊರಟಾಗ ಒಂದು ನಿಲ್ದಾಣ ಮೊದಲೇ ಇಳಿದು ಆ ಪಾರ್ಕಿನ ಕಡೆ ಹೋಗಿ ಬನ್ನಿ. ಮಕ್ಕಳು ಜೊತೆಗಿದ್ದರೆ ಆ ಹೆಸರಿನವರು ಯಾರು ಎಂದು ಹೇಳಿ.